ಯಾವ ಪಟ್ಟಿಗೂ ಸೇರದ ವಾರ

ವಿಜಯಪುರದ ಒಂದು ದಿನಪತ್ರಿಕೆಯಲ್ಲಿ ಹದಿನೆಂಟು ವರ್ಷ ನಾನು ಸತ್ತವರ ಪಟ್ಟಿ ಮಾಡಿದೆ. ಆ ವರ್ಷ ಜಿಲ್ಲೆಯಲ್ಲಿ ತೀರಿಹೋದ ಗಣ್ಯರ ಫೋಟೊ, ಕೆಳಗೆ ನಾಲ್ಕು ಸಾಲು. ಮಠಾಧೀಶರು, ಮಾಜಿ ಶಾಸಕರು, ಪೈಲ್ವಾನರು, ಡಾಕ್ಟರುಗಳು. ಪುಟ ಹೊರಬರುವುದು ಡಿಸೆಂಬರಿನ ಕೊನೆಯ ದಿನವಾದರೂ ಒಂದು ವಾರ ಮೊದಲೇ ಮುಗಿಸಿ ಕೊಡಬೇಕಿತ್ತು. ಮುಂದಿನ ಪಟ್ಟಿ ಜನವರಿ ಒಂದರಿಂದ ಶುರು. ಹಾಗಾಗಿ ಕೊನೆಯ ವಾರ ಸತ್ತವರು ಎರಡರಲ್ಲೂ ಇಲ್ಲ. "ಸಾಯೋದಾದ್ರ ಕ್ರಿಸ್‌ಮಸ್ಸಿನ ಒಳಗ ಸಾಯಬೇಕ ನೋಡ್ರಿ" ಎಂದು ನಾನು ಕಚೇರಿಯಲ್ಲಿ ಹೇಳಿದರೆ ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ, ನಾಚಿಕೆಗೆಟ್ಟವನು.

ತಿಕೋಟಾದ ಪೇಟಿ ಮಾಸ್ತರರು ಆ ವಾರದಲ್ಲೇ ಹೋದರು. ಪೇಟಿ ಎಂದರೆ ಹಾರ್ಮೋನಿಯಂ. ಹೊನವಾಡದಿಂದ ಮಮದಾಪುರದವರೆಗೆ ಅವರು ನಾಟಕ ಕಲಿಸದ ಊರಿಲ್ಲ. ನಮಾಜು ಮುಗಿಸಿ ಬಂದು ಭಜನೆಗೆ ಪೇಟಿ ಹಿಡಿದು ಕೂತರೆ ಏಳುವವರಲ್ಲ. ಹೊನವಾಡದಲ್ಲಿ ನನ್ನ ಮೊದಲ ನಾಟಕ. ಮಾತು ಮರೆತು ಕಂಬದ ಹಾಗೆ ನಿಂತಾಗ, ನನಗೆ ನೆನಪಾಗುವವರೆಗೆ ಒಂದೇ ಸ್ವರ ಎಳೆದೆಳೆದು ಮಾನ ಉಳಿಸಿದವರು ಅವರು. ಕಣ್ಣು ಮಂಜಾದ ಮೇಲೂ ವರ್ಷವರ್ಷ ನನ್ನ ಪುಟವನ್ನು ಹಿರಿಯ ಮಗಳಿಂದ ಓದಿಸಿಕೊಂಡು ಫೋನ್ ಮಾಡುತ್ತಿದ್ದರು. "ನಮ್ಮ ನಾಟಕದ ಮಂದಿ ಒಬ್ರೂ ಇಲ್ಲಲ್ಲೋ ತಮ್ಮಾ. ನಾವೇನ ಸಾಯಂಗಿಲ್ಲೇನು?"

"ನಿಮ್ಮದು ಹಾಕೇ ಹಾಕ್ತೀನ್ರಿ ಮಾಸ್ತರ" ಎಂದಿದ್ದೆ. ಬದುಕಿರುವ ಮನುಷ್ಯನಿಗೆ ಕೊಡುವ ಮಾತೇ ಅದು? ಆದರೂ ಕೊಟ್ಟಿದ್ದೆ.

ವರ್ಷ ಮುಗಿಯಲು ಒಂದು ದಿನ ಇದೆ ಎನ್ನುವಾಗ, ಡಿಸೆಂಬರ್ ಮೂವತ್ತಕ್ಕೆ ಅವರು ತೀರಿಕೊಂಡರು. ಪುಟ ಆಗಲೇ ಅಚ್ಚಾಗಿತ್ತು. ಮಣ್ಣಿಗೆ ಹೋಗಿಬಂದೆ. ಮರುದಿನ ಪೇಪರಿನಲ್ಲಿ ಯಾರ್ಯಾರದೋ ಮುಖಗಳಿದ್ದವು, ಅವರದಿರಲಿಲ್ಲ.

ಮುಂದಿನ ಡಿಸೆಂಬರಿನಲ್ಲಿ ಅವರ ಫೋಟೊ ತೆಗೆದಿಟ್ಟೆ. ಸಂಪಾದಕರು ನೋಡಿ, "ಹ್ವಾದ ವರ್ಷ ಸತ್ತವರನ್ನ ಈ ವರ್ಷ ಹೆಂಗ ಹಾಕೂದ್ರಿ?" ಎಂದರು. ನಾನು ವಾದ ಮಾಡಲಿಲ್ಲ. ಅವರು ಅತ್ತ ಹೋದ ಮೇಲೆ ತಾರೀಖು ತಿದ್ದಿ ಜನವರಿ ಎರಡು ಎಂದು ಬರೆದೆ. ಮೂರು ದಿನದ ಸುಳ್ಳು, ಯಾರ ಗಂಟೇನು ಹೋಗುತ್ತದೆ ಅಂದುಕೊಂಡೆ. ಪುಟ ಬಂದ ದಿನ ಅದನ್ನೇ ಮತ್ತೆ ಮತ್ತೆ ನೋಡಿದೆ. ಕೊಟ್ಟ ಮಾತು ಉಳಿಸಿಕೊಂಡೆನೆಂದು ಎದೆ ಉಬ್ಬಿತ್ತು.

ತಿಕೋಟಾದ ನಾಟಕದ ಗೆಳೆಯರು ಪುಟ ನೋಡಿ ಎರಡೇ ದಿನದಲ್ಲಿ ಫ್ಲೆಕ್ಸ್ ಮಾಡಿಸಿ, ಜನವರಿ ಎರಡಕ್ಕೆ ಮೊದಲ ಪುಣ್ಯಸ್ಮರಣೆ ಇಟ್ಟರು. ನಾನೇ ಮುಖ್ಯ ಅತಿಥಿ. ಮಣ್ಣಿಗೆ ಬಂದವರೇ ಆ ಫ್ಲೆಕ್ಸ್ ಕಟ್ಟಿದ್ದರು. ವರ್ಷದ ಹಿಂದಿನ ತಾರೀಖು ಯಾರಿಗೆ ನೆನಪಿರುತ್ತದೆ? ಪೇಪರಿನಲ್ಲಿ ಬಂದದ್ದೇ ಖರೆ.

ವೇದಿಕೆ ಇಳಿಯುವಾಗ ಮಾಸ್ತರರ ಹಿರಿಯ ಮಗಳು ಎದುರಿಗೆ ಬಂದು ನಿಂತರು.

"ಆ ತಾರೀಖ ನೀವ ಬರದ್ರೇನ್ರಿ ಸರ?"

ಹೌದೆಂದೆ. ಯಾಕೆ ಬರೆದೆ ಎಂಬುದನ್ನೂ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೇ ಹಗುರಾಗುತ್ತಿತ್ತು.

"ಅಬ್ಬಾ ತೀರಿದಾಗ ನನ್ನ ತಂಗಿ ಹಡದು ವಿಜಯಪುರದ ದವಾಖಾನ್ಯಾಗ ಇದ್ಲರಿ. ಆಪರೇಶನ್ ಆಗಿತ್ತು. ಹಸಿ ಬಾಣಂತಿಗೆ ಹೆಂಗ ಹೇಳೂದಂತ ಎಂಟ ದಿನ ಮುಚ್ಚಿಟ್ವಿ. ಆಮ್ಯಾಲ ಹೇಳಿ, ನೀ ದವಾಖಾನ್ಯಾಗ ಇದ್ದಾಗನ ಮಣ್ಣ ಆತವಾ ಅಂದೆ. ನಂಬಿದ್ಲು. ಜನವರಿ ಒಂದಕ್ಕ ಆಕಿ ದವಾಖಾನಿಯಿಂದ ಗಂಡನ ಮನಿಗೆ ಹೋಗಿದ್ಲರಿ. ಈಗ ನಿಮ್ಮ ಪೇಪರ ಓದಿ, ನಾ ಮನಿಗೆ ಬಂದಾಗ ಅಬ್ಬಾ ಇನ್ನೂ ಜೀವಂತ ಇದ್ದ, ಮುಖಾ ನೋಡಾಕ ನೀ ಕರೀಲಿಲ್ಲ ಅಂತಾಳ. ಮಾತ ಬಿಟ್ಟಾಳ. ಫೋನ್ ಎತ್ತಂಗಿಲ್ಲ."

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ. ಮರುದಿನವೇ ತಿದ್ದುಪಡಿ ಹಾಕಿಸಿದೆ. ಎರಡು ಸಾಲು, ಪುಟದ ಮೂಲೆಯಲ್ಲಿ. ಆ ತುಣುಕು ಹಿಡಿದುಕೊಂಡು ಬಸ್ಸು ಹತ್ತಿ ಬಬಲೇಶ್ವರಕ್ಕೆ, ತಂಗಿಯ ಗಂಡನ ಮನೆಗೆ ಹೋದೆ. ಆಕೆ ಕೂರಲು ಹೇಳಿ ಚಹಾ ಕೊಟ್ಟಳು. ವರ್ಷದ ಕೂಸು ಗೋಡೆ ಹಿಡಿದು ನಿಲ್ಲಲು ನೋಡುತ್ತಿತ್ತು. ತಪ್ಪು ನನ್ನದು, ಮಣ್ಣಿಗೆ ನಾನೇ ಬಂದಿದ್ದೆ, ಆಗ ನೀವಿನ್ನೂ ದವಾಖಾನೆಯಲ್ಲಿದ್ದಿರಿ, ನಿಮ್ಮಕ್ಕ ಹೇಳಿದ್ದೇ ನಿಜ ಎಂದು ಬಿಡಿಸಿ ಬಿಡಿಸಿ ಹೇಳಿದೆ. ಹೆತ್ತ ತಾಯಿಯ ಆಣೆ ಇಟ್ಟೆ. ಆಕೆ ಪೂರ್ತಿ ಕೇಳಿದಳು. ತುಣುಕನ್ನು ಓದಿ, ಮಡಚಿ ನನ್ನ ಕೈಗೇ ತಿರುಗಿ ಕೊಟ್ಟಳು.

"ಅಕ್ಕ ಕಳಿಸ್ಯಾಳೇನ್ರಿ ನಿಮ್ಮನ್ನ?"