ಕುಂಡದಲ್ಲಿದ್ದದ್ದು ಬಲೂತ್ ಅಲ್ಲ

ಬಾಯಿಸಾಹೇಬರೇ, ಯಾದಗಿರಿ ಟೇಶನ್ನಿನಲ್ಲಿ ನೀವು ಎದೆಗವಚಿಕೊಂಡು ರೈಲು ಹತ್ತಿದ ಆ ಕುಂಡದಲ್ಲಿದ್ದದ್ದು ನಿಮ್ಮ ತವರಿನ ಬಲೂತ್ — ಇಂಗ್ರೇಜಿಯವರ ಓಕ್ — ಅಲ್ಲ. ಅದು ಸುರಪುರದ ಹಳ್ಳದ ದಂಡೆಯ ಹುಲಗಲ, ಅಂದರೆ ಹೊಂಗೆ. ಬಲೂತ್ ಬೀಜಗಳನ್ನು ಕೊಂದವನು ನಾನು.

ನಿಜಾಮರ ಆಳ್ವಿಕೆಯ ಕೊನೆಗಾಲ. ನಿಮ್ಮ ಯಜಮಾನರು ತಹಶೀಲ್ದಾರರು, ನಾನು ಅವರ ಕಚೇರಿಯ ಮುನ್ಶಿ. ಹಿಮಾಲಯದ ತಪ್ಪಲಿನಿಂದ ನಿಮ್ಮ ತಾಯಿ ತಮ್ಮ ಅಂಗಳದ ಮರದ ಬೀಜಗಳನ್ನು ಹಸಿ ಪಾಚಿಯಲ್ಲಿ ಸುತ್ತಿ ಕಳಿಸಿದ್ದರು. "ಮುನ್ಶೀಜಿ, ಕುಂಡದಾಗ ಹಚ್ಚಿಸ್ರಿ. ಒಣಗಬಾರದು" ಎಂದಿರಿ, ಇಲ್ಲಿಗೆ ಬಂದು ಕಲಿತ ಕನ್ನಡದಲ್ಲಿ. ನಾನೋ — ಜೋಳ, ತೊಗರಿಯ ಬೀಜ ಕಾಯ್ದಿಟ್ಟ ಮನೆತನದವನು. ಒಣಗದ ಬೀಜವೂ ಒಂದು ಬೀಜವೇ? ಮಾಳಿಗೆಯ ಮೇಲೆ ಬಿಸಿಲಿಗೆ ಹರವಿ, ಬೂದಿ ಸವರಿ, ಶಾಸ್ತ್ರೋಕ್ತವಾಗಿ ಸಾಯಿಸಿದೆ.

"ಏನ್ರೀ, ಇವು ಗಿಲಕಿ ಹಂಗ ಗಲಗಲ ಅನ್ನಾಕತ್ತಾವಲ್ಲ!" ಎಂದಳು ನನ್ನ ಹೆಂಡತಿ.

"ಬೀಜ ಅಂದ್ರ ಹಂಗಾ ಅನ್ನಬೇಕು. ನಿನಗೇನ್ ತಿಳೀತದ!"

ಆಮೇಲೆ ಕುಂಡಗಳಲ್ಲಿ ಊರಿದೆ; ಒಂದೂ ಮೊಳೆಯಲಿಲ್ಲ. ನೀವು ಮಾತ್ರ ದಿನಾ ಬೆಳಿಗ್ಗೆ ಕುಂಡಗಳ ಮುಂದೆ ಕೂಡುತ್ತಿದ್ದಿರಿ. ಒಮ್ಮೆ ಮಣ್ಣು ಕೆದಕಿ ನೋಡಲು ಬೆರಳಿಟ್ಟಿರಿ. "ಬ್ಯಾಡ್ರಿ, ಬೇರು ನೋಯ್ತಾವ!" ಎಂದೆ. ಇಲ್ಲದ ಬೇರಿಗೆ ಎಷ್ಟೊಂದು ಕರುಣೆ! ಅಂದು ಸಂಜೆಯೇ ಹುಲಗಲದ ಬೀಜ ಊರಿದೆ.

ಎಲೆ ಬಂತು. "ನಮ್ಮ ಕಡಿ ಎಲಿ ಅಂಚಿಗಿ ಮುಳ್ಳಿರ್ತಾವಲ್ಲ?" ಎಂದಿರಿ.

"ಇಲ್ಲೀ ನೀರಿನ ಗುಣಾರಿ, ಬಾಯಿಸಾಹೇಬ್ರ. ಮುಳ್ಳು ತಡಾ ಬರ್ತಾವ."

ನೀವು ನಂಬಿದಿರಿ. ದಿನವೂ ಎಲೆಯಂಚನ್ನು ಬೆರಳಿನಿಂದ ಸವರಿ ಮುಳ್ಳಿಗಾಗಿ ಕಾದಿರಿ. ಇವತ್ತು ಬಯಲಾದೀತು, ನಾಳೆ ಬಯಲಾದೀತು ಎಂದು ನಾನು ಬೆವರುತ್ತ ಕಾದೆ. ಎರಡು ಸಸಿ ಕಚೇರಿಯ ಅಂಗಳಕ್ಕಿಳಿದವು. ನೀವು ಹಾಲೆರೆದಿರಿ, ನಾನು ಪುರೋಹಿತನ ಮುಖ ಹೊತ್ತು ನಿಂತೆ. ಅಷ್ಟಕ್ಕೇ ಮುಗಿದಿದ್ದರೆ —

ನಿಮ್ಮ ತಾಯಿಯ ಮರ ಸಿಡಿಲಿಗೆ ಬಿತ್ತೆಂದು ಸುದ್ದಿ ಬಂತು. ಉಳಿದೊಂದು ಕುಂಡ ಹಿಡಿದು ನೀವು ತವರಿಗೆ ಹೊರಟಿರಿ.

"ಅದ ಜಾಗಾದಾಗ ಹಚ್ಚತೀವಿ, ಮುನ್ಶೀಜಿ," ಎಂದಿರಿ, ಡಬ್ಬಿಯ ಕಿಟಕಿಯಿಂದ. "ಅಮ್ಮಾಜಿಗೆ ಕಣ್ಣು ಮಂಜಾಗ್ಯಾವ. ಎಲಿ ಮುಟ್ಟಿ ಗುರುತು ಹಿಡೀತಾಳಲ್ಲ?"

"ಹಿಡೀತಾರ್ರಿ," ಎಂದೆ.

ಮುಂದಿನ ಮಾತು ಗಂಟಲಿಗೆ ಬಂದಿತ್ತು, ಅಷ್ಟರಲ್ಲಿ ರೈಲು — ಇಲ್ಲ, ರೈಲಿನ ಮೇಲೆ ಹಾಕಬಾರದು. ಅದು ಆಮೇಲೂ ಬಹಳ ಹೊತ್ತು ನಿಂತಿತ್ತು.