ಗುಂಡಿಗೆ ಏಣಿ ಬೇಡ

ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದಿಂದ ಹೊರಟಾಗ ಬೆಳಿಗ್ಗೆ ಏಳೂಕಾಲು. ನಂದಿಬೆಟ್ಟ ಸೊಂಟದವರೆಗೆ ಮಂಜಿನಲ್ಲಿತ್ತು. ಸರ್ಕಾರಿ ಬಸ್ಸಿನ ಕಂಡಕ್ಟರ್ ನನಗೆ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟು, ಪಕ್ಕದಲ್ಲಿದ್ದ ಇಂಜಿನಿಯರ್ ಶ್ರೀಕಾಂತ್ ಅವರ ಮುಂದೆ ಕೈ ಚಾಚಿದರು. "ಮೇಡಂ ಫ್ರೀ, ಸಾರ್ ಚಿಲ್ಲರೆ ಕೊಡ್ಬೇಕು" ಎಂದರು. ಮುಂದೆ ಹತ್ತಿದ ಪ್ರತಿ ಬಸ್ಸಿನಲ್ಲೂ ಇದೇ ನಡೆಯಿತು. ಶ್ರೀಕಾಂತ್ ಮೊದಲ ಸಲ ನಕ್ಕರು, ಆಮೇಲೆ ಕಿಟಕಿಯಾಚೆ ನೋಡುವುದನ್ನು ಕಲಿತರು.

ನಂದಿ ರಸ್ತೆಯಲ್ಲಿ ಒಂದು ಹೊಸ ಬಡಾವಣೆ ಏಳಲಿದೆ. ಬಡಾವಣೆ ಎನ್ನುವುದಕ್ಕಿಂತ ಒಂದು ಪುಟ್ಟ ಊರು ಎನ್ನಬೇಕು. ರಸ್ತೆ, ಉದ್ಯಾನ, ಶಾಲೆ ಎಲ್ಲವೂ ನಕ್ಷೆಯಲ್ಲಿ ತಮ್ಮ ಜಾಗದಲ್ಲಿ ಕೂತಿವೆ. ಅಷ್ಟೂ ಮನೆಗಳ ಬಚ್ಚಲು, ಕಕ್ಕಸಿನ ನೀರು ಎಲ್ಲಿ ಸೇರಬೇಕು, ಹೇಗೆ ಶುದ್ಧವಾಗಬೇಕು ಎಂಬುದೊಂದು ಬಾಕಿ. ಅದರ ನಕ್ಷೆ ಬರೆಯುವುದು ಶ್ರೀಕಾಂತ್ ಕೆಲಸ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿರುವ ನಾನು ಅದೇ ಕಚೇರಿಯಲ್ಲಿ ವರದಿ ಬರೆಯುತ್ತೇನೆ. ಸುತ್ತಲ ಊರುಗಳಲ್ಲಿ ಏನು ನಡೆದಿದೆ ನೋಡಿಕೊಂಡು ಬನ್ನಿ ಎಂದು ನಮ್ಮಿಬ್ಬರನ್ನು ಕಳಿಸಿದ್ದರು. ಚಿಂತಾಮಣಿಯ ಹತ್ತಿರ ಒಬ್ಬ ಮನುಷ್ಯನ ಜೀವ ನನ್ನ ಅಂಗೈಗಳ ನಡುವಿನ ಹಗ್ಗದಲ್ಲಿ ತೂಗುತ್ತದೆ ಎಂದು ಯಾರಾದರೂ ಹೇಳಿದ್ದರೆ ನಾನು ಸೊನ್ನೆ ಟಿಕೆಟ್ಟನ್ನು ಅಲ್ಲೇ ಹಿಂದಿರುಗಿಸುತ್ತಿದ್ದೆ.

ಮಂಚೇನಹಳ್ಳಿಯಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಇಡ್ಲಿ ಬಿಸಿಯಾಗಿತ್ತು, ಚಟ್ನಿ ಖಾರವಾಗಿತ್ತು. ಗೌರಿಬಿದನೂರು ತಲುಪಿದಾಗ ಬಿಸಿಲು ಏರಿತ್ತು. ಊರಾಚೆ ಒಂದು ಸಣ್ಣ ಬಡಾವಣೆಯವರು ಕೊಳಚೆ ನೀರನ್ನು ಒಂದರ ಕೆಳಗೊಂದು ಮೂರು ಕೊಳಗಳಲ್ಲಿ ನಿಲ್ಲಿಸಿ ತಿಳಿ ಮಾಡುತ್ತಾರೆ. ಮೊದಲನೆಯದರ ಬಳಿ ನಾವು ಮೂಗು ಮುಚ್ಚಿಕೊಂಡೆವು. ಮೂರನೆಯದರ ಅಂಚಿನಲ್ಲಿ ಕೊಕ್ಕರೆಗಳು ನಿಂತಿದ್ದವು. ಕಾವಲಿನ ಅಜ್ಜಿ ಆ ನೀರನ್ನು ಹುಲ್ಲಿಗೆ ಹಾಯಿಸಿ ಎರಡು ಹಸು ಸಾಕಿದ್ದಾರೆ.

"ನೀರು ಚೆನ್ನಾಗಿದೆಯಾ ಅಜ್ಜಿ?" ಎಂದು ಶ್ರೀಕಾಂತ್ ಕೇಳಿದರು.

"ಎಲ್ಲಿಂದ ಬಂತು ಅಂತ ಹಸಾ ಕೇಳಲ್ಲಪ್ಪ. ನೀನೂ ಕೇಳ್ದೆ ಟೀ ಕುಡಿ."

ಹಾಲು ಆ ಹಸುಗಳದ್ದೇ. ಶ್ರೀಕಾಂತ್ ಲೋಟವನ್ನು ಒಂದು ಕ್ಷಣ ಹೆಚ್ಚಾಗಿಯೇ ನೋಡಿದರು. ಕುಡಿದರು. ಇನ್ನೊಂದು ಲೋಟ ಕೇಳಿ ಪಡೆದರು. ಸಂಜೆಗೆ ಚಿಕ್ಕಬಳ್ಳಾಪುರಕ್ಕೆ ಮರಳಿದೆವು.

ಎರಡನೇ ದಿನ ಶಿಡ್ಲಘಟ್ಟ. ಬಸ್ಸಿನಿಂದ ಇಳಿಯುವ ಮೊದಲೇ ಬೇಯುವ ರೇಷ್ಮೆಗೂಡಿನ ವಾಸನೆ ಸ್ವಾಗತಿಸಿತು. ನೂಲು ಬಿಚ್ಚುವ ಒಂದು ಮನೆಯಲ್ಲಿ ಮುಬೀನಾ ಬಾನು ಎಂಬ ಹೆಂಗಸು ಕುದಿನೀರಿನಲ್ಲಿ ಬೆರಳಾಡಿಸುತ್ತಲೇ ನಮ್ಮೊಡನೆ ಮಾತಾಡಿದರು. ಗೂಡು ಬೇಯಿಸಿದ ಕಂದು ನೀರನ್ನು ಅವರು ದಿನಕ್ಕೆ ಎರಡೇ ಸಲ, ಒಟ್ಟಿಗೆ ಚೆಲ್ಲುತ್ತಾರಂತೆ. ಬೀದಿಯ ಎಲ್ಲ ಮನೆಗಳೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಚೆಲ್ಲುತ್ತವೆ.

"ಇಂಜಿನಿಯರ್ ಸಾಬ್, ನಿಮ್ಮ ಮೋರಿ ಲೆಕ್ಕದಲ್ಲಿ ನೀರು ದಿನಾ ಪೂರ್ತಿ ಮೆಲ್ಲಗೆ ಬರ್ತದೆ ಅಲ್ವಾ? ನಮ್ದು ಹಂಗಲ್ಲ. ಮದ್ವೆ ದಿಬ್ಬಣ ಬಂದಂಗೆ ಬರ್ತದೆ."

ಶ್ರೀಕಾಂತ್ ನಿಂತಲ್ಲೇ ಪುಸ್ತಕ ತೆಗೆದು ಬರೆದುಕೊಂಡರು. ನಮ್ಮ ಹೊಸ ಬಡಾವಣೆಯಲ್ಲೂ ಬೆಳಿಗ್ಗೆ ಆರರಿಂದ ಎಂಟರವರೆಗೆ ಒಂದು ದಿಬ್ಬಣ ಬರುತ್ತದೆ, ಅದಕ್ಕೆ ನೀರು ಸೇರುವ ಗುಂಡಿ ದೊಡ್ಡದಿರಬೇಕು ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದರು. ಆ ರಾತ್ರಿ ಚಿಂತಾಮಣಿಯ ಲಾಡ್ಜಿನ ಕೆಳಗಿನ ಹೋಟೆಲಿನಲ್ಲಿ ಮುದ್ದೆ ಮತ್ತು ಹಿದುಕಿದ ಅವರೆಬೇಳೆ ಸಾರು. ಅಷ್ಟು ಒಳ್ಳೆಯ ಊಟದ ಮೇಲೆ ಕೊಳಚೆಯ ಮಾತು ಎತ್ತಬಾರದೆಂದು ಇಬ್ಬರೂ ಒಪ್ಪಿ, ಎರಡೇ ನಿಮಿಷದಲ್ಲಿ ಎತ್ತಿದೆವು.

ಮೂರನೇ ದಿನ ಬೆಳಿಗ್ಗೆ ಒಂಬತ್ತಕ್ಕೆ ಆಟೋದಲ್ಲಿ ಊರ ಹೊರಗಿನ ಒಂದು ಖಾಸಗಿ ಬಡಾವಣೆಗೆ ಹೋದೆವು. ಬಿಸಿಲು ಹಿತವಾಗಿತ್ತು. ಅಲ್ಲಿನ ಶುದ್ಧೀಕರಣ ಘಟಕವನ್ನು ನೋಡಿಕೊಳ್ಳುವವರು ವೆಂಕಟರಾಯಪ್ಪ. ಐವತ್ತರ ಆಸುಪಾಸಿನ ಸಣಕಲು ದೇಹ, ತಲೆಗೆ ಟವೆಲ್. ಹೆಂಡತಿ ಲಕ್ಷ್ಮಮ್ಮ ಅಲ್ಲೇ ಗಿಡಗಳಿಗೆ ನೀರು ಹಾಯಿಸುತ್ತಿದ್ದರು. ಮನೆಗಳ ನೀರೆಲ್ಲ ಮೊದಲು ಒಂದು ಆಳದ ಗುಂಡಿಗೆ ಬರುತ್ತದೆ. ತಳದಲ್ಲಿರುವ ಪಂಪು ಅದನ್ನು ಮೇಲಿನ ತೊಟ್ಟಿಗೆ ಎತ್ತುತ್ತದೆ. ಅಂದು ಪಂಪು ಗುಂಯ್‌ಗುಡುತ್ತಿತ್ತು, ನೀರು ಏರುತ್ತಿರಲಿಲ್ಲ. ಯಾವುದೋ ಬಟ್ಟೆ ಸುತ್ತಿಕೊಂಡಿತ್ತು.

"ಇಳ್ದು ಬಿಡಿಸ್ತೀನಿ, ಐದೇ ನಿಮ್ಷ" ಎಂದರು ವೆಂಕಟರಾಯಪ್ಪ.

"ಇಳಿಯೋ ಹಾಗಿಲ್ಲ ರೀ. ಕಾನೂನೇ ಬಿಡಲ್ಲ" ಎಂದು ಶ್ರೀಕಾಂತ್ ತಡೆದರು. ಪಂಪನ್ನು ಮೇಲಿಂದ ಎತ್ತುವ ವಾಹನ ಕಳಿಸಿ ಎಂದು ಮೇಲ್ವಿಚಾರಕರಿಗೆ ಫೋನ್ ಮಾಡಲು ಹೊರಟರು. ಸಿಗ್ನಲ್ ಸಿಕ್ಕಿದ್ದು ಗೇಟಿನ ಹತ್ತಿರ.

ಅವರು ಅತ್ತ ಹೋದರು. ವೆಂಕಟರಾಯಪ್ಪ ನನ್ನ ಕಡೆ ನೋಡಿ ನಕ್ಕರು. "ಏಮೀ ಕಾದಮ್ಮ" ಎಂದು ತೆಲುಗಿನಲ್ಲಿ ಧೈರ್ಯ ಹೇಳಿದರು. ಏನೂ ಆಗುವುದಿಲ್ಲ. "ನಮ್ ತೋಟದ ಬಾವಿ ಅರವತ್ತು ಅಡಿ. ಪಂಪು ಕೆಟ್ರೆ ಇಳೀತಿದ್ದೋನು ನಾನೇ."

ಅವರಿಗೆ ಬಾವಿಯ ಕ್ರಮ ಚೆನ್ನಾಗಿ ಗೊತ್ತಿತ್ತು. ಪಂಪಿನ ಸ್ವಿಚ್ಚು ಆರಿಸಿ, ಪಕ್ಕದ ಹೊಂಗೆ ಮರದಿಂದ ಎಲೆ ತುಂಬಿದ ಕೊಂಬೆ ಮುರಿದು, ಹಗ್ಗಕ್ಕೆ ಕಟ್ಟಿ ಗುಂಡಿಗೆ ಇಳಿಬಿಟ್ಟು ಮೇಲೆ ಕೆಳಗೆ ಆಡಿಸಿದರು. ಪಾಳು ಬಾವಿಗೆ ಇಳಿಯುವ ಮೊದಲು ಕೆಟ್ಟ ಗಾಳಿಯನ್ನು ಹೀಗೆ ಓಡಿಸುತ್ತಾರೆ. ಎಷ್ಟು ಸರಳವಾದ ಜ್ಞಾನ ಎಂದು ನನಗೆ ಸಂತೋಷವಾಯಿತು. ವರದಿಯಲ್ಲಿ ಹಾಕೋಣ ಎಂದು ಫೋಟೋ ತೆಗೆದೆ. ಇನ್ನೊಂದು ಸಲ ಆಡಿಸಿ ಎಂದೂ ಹೇಳಿದೆ. ಅವರು ಕೊಂಬೆಯನ್ನು ತಳಕ್ಕೆ ಮುಟ್ಟಿಸಿ ಚೆನ್ನಾಗಿ ಕಲಕಿದರು. ಕಪ್ಪು ನೀರಿನಲ್ಲಿ ಗುಳ್ಳೆಗಳು ಎದ್ದವು, ಕೊಳೆತ ಮೊಟ್ಟೆಯ ವಾಸನೆ ಮೇಲೆ ಬಂತು. ಹೊರಗೆ ಹೋಗುತ್ತಿದೆ ಎಂದುಕೊಂಡೆ.

ಬಾವಿಯ ತಳದಲ್ಲಿರುವುದು ನೀರು. ಇಲ್ಲಿದ್ದದ್ದು ದಿನಗಟ್ಟಲೆ ಕೊಳೆತ ಕೆಸರು. ಕಲಕಿದರೆ ವಿಷದ ಗಾಳಿ ಅದರೊಳಗಿಂದಲೇ ಏಳುತ್ತದೆ. ಇದನ್ನು ಈಗ ಬರೆಯುವುದು ಸುಲಭ.

ಬಾವಿಯ ಕ್ರಮದಲ್ಲಿ ಇನ್ನೊಂದು ಭಾಗವಿತ್ತು. ಅವರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಅದನ್ನು ಹೊಂಗೆ ಮರಕ್ಕೆ ಒಂದು ಸುತ್ತು ಹಾಕಿ, ತುದಿಯನ್ನು ನನ್ನ ಕೈಗೆ ಕೊಟ್ಟರು. "ಸುಮ್ಕೆ ಹಿಡ್ಕೊಂಡಿರಮ್ಮ, ಶಾಸ್ತ್ರಕ್ಕೆ." ಗೋಡೆಗೆ ನೆಟ್ಟ ಕಬ್ಬಿಣದ ಏಣಿ ಹಿಡಿದು ಇಳಿದರು. ನಾನು ಮೆಟ್ಟಿಲು ಎಣಿಸಿದೆ. ಈಗಲೂ ಎಣಿಸುತ್ತೇನೆ, ಬಸ್ಸಿನಲ್ಲಿ, ಹಲ್ಲುಜ್ಜುವಾಗ. ಏಳನೆಯದರಲ್ಲಿ ಅವರು ತಲೆಯೆತ್ತಿ ಹೇಳಿದರು:

"ವಾಸ್ನೆ ಹೊಂಟೋಯ್ತು ಕಣಮ್ಮ. ಏನೂ ಬರ್ತಿಲ್ಲ."

"ಒಳ್ಳೇದಾಯ್ತು" ಎಂದೆ ನಾನು.

ಆ ಗಾಳಿ ಹೆಚ್ಚಾದಾಗ ಮೊದಲು ಸಾಯುವುದು ಮೂಗು. ವಾಸನೆ ನಿಂತರೆ ಅಪಾಯ ತೀರಾ ಹತ್ತಿರವಿದೆ ಎಂದು ತಿಳಿಯಬೇಕು. ಇದನ್ನು ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ. ಆ ಉತ್ತರ ನನ್ನ ತಲೆಯಿಂದ ಕೈಗೆ ಇಳಿಯಲು ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ. "ಮೇಲೆ ಬನ್ನಿ" ಎಂದು ಕೂಗಿದೆ. ಅವರು ನನ್ನನ್ನೇ ನೋಡುತ್ತಿದ್ದರು, ಆದರೆ ಕೈ ಏಣಿಯಿಂದ ಜಾರಿತು. ಹಗ್ಗ ಸರ್ರನೆ ಅಂಗೈ ಸುಟ್ಟುಕೊಂಡು ಹೋಯಿತು. ಮರದ ಸುತ್ತು ಇಲ್ಲದಿದ್ದರೆ ಉಳಿಯುತ್ತಿರಲಿಲ್ಲ.

ಲಕ್ಷ್ಮಮ್ಮ ನೀರಿನ ಪೈಪು ಎಸೆದು ಓಡಿ ಬಂದರು. ಅಂಚಿಗೆ ಹೋಗಿ ಬಗ್ಗಲಿಲ್ಲ, ಗಂಡನ ಹೆಸರು ಹಿಡಿದು ಅಳಲೂ ಇಲ್ಲ. ನನ್ನ ಹಿಂದೆ ನಿಂತು ಹಗ್ಗ ಹಿಡಿದರು. "ಎಳಿಯಮ್ಮ, ಆಮೇಲ್ ನಡುಗು" ಎಂದರು. ಗೇಟಿನಿಂದ ಓಡಿ ಬಂದ ಶ್ರೀಕಾಂತ್ ಮೂರನೆಯವರಾದರು. ಮೊದಲು ಟವೆಲ್ ಕಂಡಿತು, ಆಮೇಲೆ ತಲೆ. ಎಳೆದು ದೂರದ ನೆರಳಿನಲ್ಲಿ ಮಲಗಿಸಿದೆವು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಎದೆ ಏರುತ್ತಿದೆಯೇ ಎಂದು ಮೂವರೂ ನೋಡುತ್ತಾ ಕೂತೆವು. ಏರಿತು. ಕೆಮ್ಮಿದರು. ಕಣ್ಣು ಬಿಟ್ಟು, "ಬಟ್ಟೆ ಬಿಡಿಸ್ಲಿಲ್ಲ" ಎಂದರು.

"ನಿನ್ ಬಟ್ಟೆಗೆ ಬೆಂಕಿ ಹಾಕ" ಎಂದು ಲಕ್ಷ್ಮಮ್ಮ ಆಗ ಅತ್ತರು.

ಬಂದ ಆಟೋದಲ್ಲೇ ಆಸ್ಪತ್ರೆಗೆ ಹೋದೆವು. ಆಮ್ಲಜನಕ ಹಾಕಿ, ಒಂದು ರಾತ್ರಿ ಇರಲಿ ಎಂದರು. ನಮ್ಮ ಬಸ್ಸನ್ನು ಮರುದಿನಕ್ಕೆ ಮುಂದೂಡಿದೆವು.

ಬೆಳಿಗ್ಗೆ ಹೋದಾಗ ವೆಂಕಟರಾಯಪ್ಪ ಹಾಸಿಗೆಯ ಮೇಲೆ ಕೂತು ಬನ್ನು ತಿನ್ನುತ್ತಿದ್ದರು. ಡಾಕ್ಟರು ಮಧ್ಯಾಹ್ನ ಮನೆಗೆ ಕಳಿಸುತ್ತಾರಂತೆ. "ಮುರುಗಮಲ್ಲದ ದರ್ಗಾದಲ್ಲಿ ಸಕ್ರೆ ಓದಿಸಿ ಹಂಚ್ತೀನಿ ಅಂತ ಹರಸ್ಕೊಂಡಿದೀನಿ" ಎಂದರು ಲಕ್ಷ್ಮಮ್ಮ. "ಇವನನ್ನೂ ಕರ್ಕೊಂಡೋಗ್ತೀನಿ. ಇವನೇ ಹೊರ್ಲಿ ಸಕ್ರೆ ಮೂಟೆ."

ಶ್ರೀಕಾಂತ್ ಸಂಕೋಚಪಡುತ್ತಲೇ ನಮ್ಮ ನಕ್ಷೆಯನ್ನು ಹೊದಿಕೆಯ ಮೇಲೆ ಹರಡಿದರು. ನೀರು ಸೇರುವ ಗುಂಡಿ, ತಳದಲ್ಲಿ ಪಂಪು, ಗೋಡೆಗೆ ಹತ್ತೊಂಬತ್ತು ಮೆಟ್ಟಿಲಿನ ಏಣಿ. ಬೀಗದ ಮುಚ್ಚಳ, ಎಚ್ಚರಿಕೆಯ ಫಲಕ, ಗಾಳಿ ಅಳೆಯುವ ಯಂತ್ರ ಎಲ್ಲವನ್ನೂ ರಾತ್ರಿ ಸೇರಿಸಿದ್ದರು.

"ಚೆನ್ನಾಗೈತೆ ಸಾ" ಎಂದರು ವೆಂಕಟರಾಯಪ್ಪ, ಕಸುಬುದಾರನ ಕಣ್ಣಿನಿಂದ ನೋಡುತ್ತಾ. "ಬೀಗದ ಕೈ ನನ್ನಂಥೋನ್ ಹತ್ರನೇ ಇರ್ತದಲ್ಲ."

ಲಕ್ಷ್ಮಮ್ಮ ಬಗ್ಗಿ ನಕ್ಷೆಯ ಮೇಲೆ ಬೆರಳಿಟ್ಟರು. "ಇದೇನು?"

"ಏಣಿ ಅಮ್ಮಾ."

"ಇದನ್ಯಾಕ್ ಇಕ್ಕಿದೀರಿ? ಏಣಿ ಕಂಡ್ರೆ ಗಂಡಸ್ರು ಇಳೀತಾರೆ. ಇಲ್ದಿದ್ರೆ ಮೇಲೆ ನಿಂತ್ಕೊಂಡು ಬೇರೆ ದಾರಿ ಹುಡುಕ್ತಾರೆ."

ವೆಂಕಟರಾಯಪ್ಪ ಬನ್ನು ತಿನ್ನುವುದನ್ನು ನಿಲ್ಲಿಸಿ, ಪಂಪಿಗೆ ಸರಪಳಿ ಕಟ್ಟಿ ಎರಡು ಪೈಪುಗಳ ನಡುವೆ ಮೇಲಕ್ಕೆ ಜಾರಿಸಬಹುದು ಎಂದರು. ಅಂಥದ್ದನ್ನು ಅವರು ಎಲ್ಲೋ ನೋಡಿದ್ದರಂತೆ. ಬಟ್ಟೆ, ಕಸ ತಡೆಯುವ ಬುಟ್ಟಿಯೂ ಹಾಗೇ ಮೇಲೆ ಬರಬೇಕು. "ಸರಪಳಿ ಮಾತ್ರ ತುಕ್ಕು ಹಿಡೀದಂಥದ್ದು ಹಾಕಿ ಸಾ. ಮಾಮೂಲಿದಾದ್ರೆ ವರ್ಷಕ್ಕೇ ಕಿತ್ಕೊಂಡು ಬೀಳ್ತದೆ. ಆಗ ಮತ್ತೆ ಯಾರಾದ್ರೂ ಏಣಿ ತರ್ತಾರೆ."

ಹತ್ತೂವರೆಯ ಬಸ್ಸಿನಲ್ಲಿ ಚಿಂತಾಮಣಿ ಬಿಟ್ಟೆವು. ಅಂಬಾಜಿದುರ್ಗದ ಬೆಟ್ಟ ಹಿಂದೆ ಸರಿಯುತ್ತಿದ್ದಂತೆ ಶ್ರೀಕಾಂತ್ ತೊಡೆಯ ಮೇಲೆ ನಕ್ಷೆ ಹಾಸಿ ರಬ್ಬರ್ ತೆಗೆದರು. ಬಸ್ಸು ಕುಲುಕಿದಾಗೆಲ್ಲ ಏಣಿಯ ಜೊತೆ ಗೋಡೆಯೂ ಒಂದಿಷ್ಟು ಅಳಿಸಿತು. ಕಂಡಕ್ಟರ್ ಬಗ್ಗಿ ನೋಡಿದರು.

"ಮನೆ ಪ್ಲಾನಾ ಸಾರ್?"

"ಅಲ್ಲ, ಗುಂಡಿದು."

"ಗುಂಡಿಗೂ ಪ್ಲಾನಾ" ಎಂದು ಅವರು ನನಗೆ ಸೊನ್ನೆ ಟಿಕೆಟ್ ಹರಿದರು. ನನ್ನ ಕೈಗೆ ಬ್ಯಾಂಡೇಜ್ ಇದ್ದುದರಿಂದ ಟಿಕೆಟ್ಟನ್ನು ಬೆರಳ ಸಂದಿಯಲ್ಲಿ ಅವರೇ ಸಿಕ್ಕಿಸಿದರು.

ಚಿಕ್ಕಬಳ್ಳಾಪುರದಲ್ಲಿ ಇಳಿದವರು ಮನೆಗೆ ಹೋಗಲಿಲ್ಲ. ಇನ್ನೊಂದು ಬಸ್ಸು ಹಿಡಿದು ನಂದಿ ರಸ್ತೆಯ ಜಾಗಕ್ಕೆ ಹೋದೆವು. ಗುಂಡಿ ಬರುವಲ್ಲಿ ಸರ್ವೆಯವರು ಸುಣ್ಣದ ಪುಡಿಯಿಂದ ದೊಡ್ಡ ವೃತ್ತ ಎಳೆದಿದ್ದರು. ಒಳಗೆ ಕೊಯ್ದ ರಾಗಿಯ ಕೂಳೆ, ಗಟ್ಟಿ ಕೆಂಪು ನೆಲ. ಶ್ರೀಕಾಂತ್ ವೃತ್ತದ ಆಚೆ ನಿಂತು ಪಂಪು ಎತ್ತುವ ಸರಪಳಿಯ ಕಂಬ ಎಲ್ಲಿ ಬರಬೇಕೆಂದು ಹೆಜ್ಜೆ ಅಳೆದು ಒಂದು ಕಲ್ಲಿಟ್ಟರು. ನನಗೆ ಗೆರೆ ದಾಟಲು ಕಾಲು ಬರಲಿಲ್ಲ. ರಸ್ತೆಗೆ ಬಂದು ಹಿಂದಿರುಗಿ ನೋಡಿದಾಗ ಯಾರದೋ ಎರಡು ಮೇಕೆಗಳು ವೃತ್ತದ ನಟ್ಟನಡುವೆ ಕೂಳೆ ಮೇಯುತ್ತಿದ್ದವು. ತಿಂದು ಮುಗಿಸಿ, ಗೆರೆ ತುಳಿದುಕೊಂಡು ಆಚೆ ನಡೆದು ಹೋದವು.