ರೇಡಿಯೋ ಎಲ್ಲಿಡಬೇಕು?

ಗೆಳೆಯರೇ, ಇಂದು ಶಿಗ್ಗಾವಿಯಿಂದ ಗಾಡಿಯಲ್ಲಿ ನಮ್ಮೂರ ಪಂಚಾಯ್ತಿಗೆ ಸರ್ಕಾರದ ರೇಡಿಯೋ ಬಂತು. ಎಲ್ಲಿಡಬೇಕೆಂದು ಪಂಚಾಯ್ತಿ ಚೇರ್ಮನ್ನರು ಊರವರ ಕೈ ಎತ್ತಿಸಿದರು. ಎಣಿಸಿದವನು ನಾನು, ಶಾಲೆಯ ಮಾಸ್ತರ.

ಶಾಲೆಯೋ ಗರಡಿಮನೆಯೋ ಎಂದಾಗ ಶಾಲೆ ಗೆದ್ದಿತು. ಶಾಲೆಯೋ ಚಾವಡಿಯೋ ಎಂದಾಗ ಚಾವಡಿ ಗೆದ್ದಿತು. ಎಲ್ಲರೂ ಏಳುವಷ್ಟರಲ್ಲಿ ಪೈಲವಾನ ಬಸಪ್ಪ, "ಗರಡಿಗೂ ಚಾವಡಿಗೂ ಹಚ್ಚಿ ನೋಡ್ರಿ" ಎಂದ. ಗರಡಿ ಗೆದ್ದಿತು.

"ಗರಡೀನ ಶಾಲಿ ಆಗಲೇ ಸೋಲಿಸೇತಲ್ರಿ" ಎಂದೆ.

"ಹಂಗಂದ್ರ ಊರಿಗೆ ಬೇಕಾಗಿದ್ದು ಯಾವುದ್ರಿ?" ಎಂದ ಬಸಪ್ಪ.

ಯಾರೂ ಮಾತು ಬದಲಿಸಿರಲಿಲ್ಲ, ನಾನೂ ತಪ್ಪು ಎಣಿಸಿರಲಿಲ್ಲ. ಮೂರು ಗುಂಪಿನವರ ಎರಡನೆಯ ಆಸೆ ಬೇರೆ ಬೇರೆ ಇತ್ತು, ಅಷ್ಟೇ: ತಮ್ಮದು ಸಿಗದಿದ್ದರೆ ಶಾಲೆಯವರಿಗೆ ಗರಡಿ, ಗರಡಿಯವರಿಗೆ ಚಾವಡಿ, ಚಾವಡಿಯವರಿಗೆ ಶಾಲೆ.

ಚೇರ್ಮನ್ನರು ನಿಟ್ಟುಸಿರಿಟ್ಟು, "ತೀರ್ಮಾನ ಆಗೂತನಕ ನಮ್ಮ ಮನ್ಯಾಗ ಇರಲಿ" ಎಂದರು.

ಈಗ ಅವರ ಪಡಸಾಲೆಯಿಂದ ವಾರ್ತೆ ಕೇಳಿಬರುತ್ತಿದೆ. ಆ ಮನೆಗೆ ಮಾತ್ರ ಒಂದು ಕೈಯೂ ಎದ್ದಿರಲಿಲ್ಲ.